ಧರ್ಮ, ವಿಜ್ಞಾನ, ದಿನದ ಬದುಕು: ದಕ್ಷಿಣ ಬೆಂಗಳೂರಿನಲ್ಲಿ ತತ್ತ್ವಶಾಸ್ತ್ರದ ಮೂಲ ಪ್ರಶ್ನೆಗಳು

ಜಗತ್ತು ಎಂದಿನಿಂದ ಇದೆ, ಅದನ್ನು ಅರಿಯುವ ‘ನಾನು’ ಯಾರು, ದೇವರಿದ್ದಾನೆಯೆ, ಇದ್ದರೆ ನೋವೇಕೆ, ಮನುಷ್ಯ ತನ್ನ ಕೆಲಸಕ್ಕೆ ತಾನೇ ಹೊಣೆಯೆ, ಸಾವು ಯಾವ ಗಳಿಗೆಯಲ್ಲಿ ಆಗುತ್ತದೆ ಎಂಬಂಥವು ತತ್ತ್ವಶಾಸ್ತ್ರದ ಮೂಲ ಪ್ರಶ್ನೆಗಳು. ಬೇರೆ ಯಾವ ಪ್ರಶ್ನೆಗೆ ಉತ್ತರ ಹೇಳಹೊರಟವರೂ ಇವುಗಳಿಗೆ ಯಾವುದೋ ಒಂದು ಉತ್ತರವನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ರೋಗಿಯ ನಾಡಿ ಹಿಡಿದ ವೈದ್ಯರಾಗಲಿ, ತಿಥಿ ನೋಡುವ ಪುರೋಹಿತರಾಗಲಿ, ಆಸ್ತಿ ಭಾಗ ಮಾಡುವ ನ್ಯಾಯಾಲಯವಾಗಲಿ ಇದಕ್ಕೆ ಹೊರತಲ್ಲ. ಆದ್ದರಿಂದಲೇ ಇವು ಮೂಲ ಪ್ರಶ್ನೆಗಳು.

ಈ ಪ್ರಶ್ನೆಗಳತ್ತ ಧರ್ಮ, ವಿಜ್ಞಾನ, ದಿನದ ಬದುಕು ಎಂಬ ಮೂರು ದಾರಿಗಳಿಂದ ಹೋಗುವುದುಂಟು. ಮೂರೂ ಒಂದರ ಪಕ್ಕ ಒಂದು ನಡೆಯುವುದನ್ನು ನೋಡಲು ದಕ್ಷಿಣ ಬೆಂಗಳೂರು ಒಳ್ಳೆಯ ನೆಲೆ. ಬಸವನಗುಡಿ, ಗವಿಪುರ, ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿಟಿಎಂ ಲೇಔಟ್, ಇಷ್ಟರೊಳಗೆ ಮತ್ತು ಇವುಗಳ ಅಂಚಿನಲ್ಲಿ ಮಾಧ್ವ ವಿದ್ಯಾಪೀಠವೊಂದು, ಅದ್ವೈತದ ಪ್ರಕಾಶನ ಸಂಸ್ಥೆಯೊಂದು, ಕ್ರೈಸ್ತ ತತ್ತ್ವಶಾಸ್ತ್ರದ ಉನ್ನತ ಶಿಕ್ಷಣ ಕೇಂದ್ರವೊಂದು, ದೇಶದ ಪ್ರಮುಖ ಮನೋವೈದ್ಯ ಸಂಸ್ಥೆ, ಖಭೌತ ಸಂಶೋಧನಾಲಯ, 300 ಕೋಟಿ ವರ್ಷ ಹಳೆಯ ಬಂಡೆ, ರಾಹುಕಾಲದಲ್ಲೇ ಪೂಜೆಗೆ ಜನ ಸೇರುವ ದೇವಸ್ಥಾನ ಎಲ್ಲವೂ ಇವೆ. ಒಂದೇ ಮನೆಯ ಜನ ಇವುಗಳಲ್ಲಿ ಎರಡು ಮೂರಕ್ಕೆ ಸಹಜವಾಗಿ ಹೋಗಿಬರುತ್ತಾರೆ. ಇದನ್ನು ಅವರ ಗೊಂದಲವೆಂದು ತಳ್ಳಿಹಾಕುವುದು ಸುಲಭ. ಪ್ರಶ್ನೆಗೆ ತಕ್ಕಂತೆ ಪುರಾವೆಯ ಬಗೆಯೂ ಬದಲಾಗುತ್ತದೆ ಎಂಬ ತಿಳಿವಳಿಕೆ ಆ ಓಡಾಟದ ಹಿಂದೆ ಬಹುಮಟ್ಟಿಗೆ ಇದೆ. ಆ ತಿಳಿವಳಿಕೆ ಎಲ್ಲಿ ಕೈಕೊಡುತ್ತದೆ ಎಂಬುದೇ ಈ ವಿಷಯದ ತಿರುಳು.

ಪ್ರಮಾಣ: ಯಾವುದರಿಂದ ತಿಳಿಯಿತು?

ಭಾರತೀಯ ದರ್ಶನಗಳು ಸತ್ಯದ ಚರ್ಚೆಗೆ ಮುನ್ನ ಸತ್ಯವನ್ನು ತಿಳಿಯುವ ಸಾಧನದ ಚರ್ಚೆ ಮಾಡುತ್ತವೆ. ಈ ಸಾಧನಕ್ಕೆ ಪ್ರಮಾಣವೆಂದು ಹೆಸರು. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ಬೌದ್ಧ ತಾರ್ಕಿಕರು ಅದಕ್ಕೆ ಅನುಮಾನವನ್ನು, ಎಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದನ್ನು, ಸೇರಿಸಿದರು. ಸಾಂಖ್ಯರಿಗೆ ಪ್ರಮಾಣಗಳು ಮೂರು, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೂ ಅದ್ವೈತಿಗಳಿಗೂ ಆರು. ಮಧ್ವಾಚಾರ್ಯರ (1238–1317) ದ್ವೈತ ಮತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಸಾಧನಗಳಿವೆ. ಇವುಗಳ ಮೇಲೆ ಸಾಕ್ಷಿಯೂ ಇದೆ. ಒಳಗಿನಿಂದ ಅರಿಯುವ, ಬಂದ ತಿಳಿವು ಸರಿಯೆ ಎಂದು ಕೊನೆಯ ಮಾತು ಹೇಳುವ ಚೈತನ್ಯವೇ ಸಾಕ್ಷಿ. ಶಾಸ್ತ್ರವಾಕ್ಯವಾದರೂ ಈ ಸಾಕ್ಷಿಯ ಅನುಭವಕ್ಕೆ ವಿರುದ್ಧವಾಗಿ ನಿಲ್ಲಲಾರದು ಎನ್ನುವಷ್ಟು ಬಲವನ್ನು ಮಾಧ್ವರು ಅದಕ್ಕೆ ಕೊಟ್ಟಿದ್ದಾರೆ. ಧರ್ಮವೆಂದರೆ ಕೇಳಿದ್ದನ್ನು ನಂಬುವುದು, ವಿಜ್ಞಾನವೆಂದರೆ ಪರೀಕ್ಷಿಸುವುದು ಎಂಬ ಸರಳ ಭೇದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪರೀಕ್ಷೆಯ ಹಂಬಲ ಮಠದ ಪಾಠದಲ್ಲೂ ಇದೆ. ಆಪ್ತವಾಕ್ಯದ ಮೇಲೆ ನಡೆಯುವ ನಂಬಿಕೆ ಪ್ರಯೋಗಾಲಯದಲ್ಲೂ ಇದೆ, ಏಕೆಂದರೆ ಯಾವ ವಿಜ್ಞಾನಿಯೂ ತನ್ನ ಹಿಂದಿನವರ ಎಲ್ಲ ಪ್ರಯೋಗಗಳನ್ನು ಮತ್ತೆ ಮಾಡಿ ನೋಡುವುದಿಲ್ಲ. ಯಾವ ವಿಷಯಕ್ಕೆ ಯಾವ ಪ್ರಮಾಣ ಸಲ್ಲುತ್ತದೆ, ಪ್ರಮಾಣಗಳು ಜಗಳವಾಡಿದರೆ ಯಾವುದು ಸೋಲಬೇಕು ಎಂಬಲ್ಲಿ ನಿಜವಾದ ವ್ಯತ್ಯಾಸವಿದೆ.

ದಿನದ ಬದುಕಿನಲ್ಲಿ ಈ ಜಗಳ ಸದ್ದಿಲ್ಲದೆ ನಡೆಯುತ್ತದೆ. ಒಂದೇ ರಸ್ತೆಯ ಸ್ಮಾರ್ತರ ಮನೆಯಲ್ಲಿ ಒಂದು ದಿನ, ಮಾಧ್ವರ ಮನೆಯಲ್ಲಿ ಮರುದಿನ ಏಕಾದಶಿ ಬರುವುದುಂಟು. ಚಂದ್ರನ ಸ್ಥಾನದ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ದಶಮಿಯ ಸೋಂಕಿರುವ ಏಕಾದಶಿಯಲ್ಲಿ ಉಪವಾಸ ಮಾಡಬಹುದೆ ಎಂಬ ನಿಯಮದಲ್ಲಿ ಮಾತ್ರ ಭೇದವಿದೆ. ರಂಜಾನ್ ತಿಂಗಳ ಕೊನೆಗೆ ತಿಲಕನಗರ, ಗುರಪ್ಪನಪಾಳ್ಯಗಳ ಮಸೀದಿಗಳ ಸುತ್ತಲಿನ ಮನೆಗಳಲ್ಲಿ ಕಾಯುವುದು ಚಂದ್ರದರ್ಶನದ ಸುದ್ದಿಗೆ. ಅಮಾವಾಸ್ಯೆ ಕಳೆದು ಎಷ್ಟು ಗಂಟೆಯಾಯಿತೆಂದು ಗಣಿತ ನಿಖರವಾಗಿ ಹೇಳಬಲ್ಲದು. ಆದರೆ ಕಣ್ಣಾರೆ ಕಂಡವರ ಸಾಕ್ಷ್ಯ ಬೇಕೆಂಬುದು ನಿಯಮ. ಎರಡೂ ಪ್ರಸಂಗಗಳಲ್ಲಿ ಖಗೋಳಶಾಸ್ತ್ರ ಒಂದು ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಉಳಿದದ್ದು ಆಚರಣೆಯ ನಿಯಮ, ಅದನ್ನು ದೂರದರ್ಶಕ ತೀರ್ಮಾನಿಸಲಾರದು.

ಸಂಸ್ಥೆಗಳು

ಈ ಭಾಗದಲ್ಲಿ ತಾತ್ತ್ವಿಕ ಚರ್ಚೆಗೆ ಮನೆ ಸಿಕ್ಕಿದ್ದು 20ನೆಯ ಶತಮಾನದಲ್ಲಿ. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮ 1904ರಷ್ಟು ಹಿಂದಿನದು. 1945ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಒಂದು ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಇನ್ನೊಂದು ಡಿ.ವಿ. ಗುಂಡಪ್ಪನವರ (1887–1975) ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಎರಡನೆಯದರಲ್ಲಿ ಬಜೆಟ್ ಚರ್ಚೆಗೂ ಗೀತೆಯ ಪಾಠಕ್ಕೂ ಒಂದೇ ಸಭಾಂಗಣವಿತ್ತು. ರಾಜ್ಯಶಾಸ್ತ್ರ ಮತ್ತು ವೇದಾಂತ ಎರಡೂ ನಾಗರಿಕರ ದಿನದ ಕೆಲಸಕ್ಕೆ ಬೇಕಾದವು ಎಂಬ ಡಿವಿಜಿಯವರ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದರು. ಕತ್ರಿಗುಪ್ಪೆ ಮುಖ್ಯರಸ್ತೆಯ ಆ ಆವರಣದಲ್ಲೇ 2019ರ ಡಿಸೆಂಬರ್ 29ರಂದು ಅವರ ಬೃಂದಾವನಪ್ರವೇಶವಾಯಿತು. ಹೊಸೂರು ರಸ್ತೆಯ ಧರ್ಮಾರಾಂ ಕಾಲೇಜು 1957ರಲ್ಲಿ ಕೇರಳದಿಂದ ಇಲ್ಲಿಗೆ ಬಂತು. ಅಲ್ಲಿಂದ 1975ರಲ್ಲಿ ಆರಂಭವಾದ ‘ಜರ್ನಲ್ ಆಫ್ ಧರ್ಮ’ ಹಲವು ಮತಗಳ ತತ್ತ್ವಚಿಂತನೆಯನ್ನು ಜೊತೆಗಿಟ್ಟು ನೋಡುವ ಪತ್ರಿಕೆ. ಅದೇ 1975ರಲ್ಲಿ ಭಾರತೀಯ ಖಭೌತ ಸಂಸ್ಥೆ ಬೆಂಗಳೂರಿಗೆ ಬಂದು ಮುಂದೆ ಕೋರಮಂಗಲದಲ್ಲಿ ನೆಲೆಗೊಂಡಿತು. ಇವೆಲ್ಲದರ ನಡುವೆ ನ್ಯಾಷನಲ್ ಕಾಲೇಜಿನ ಬೆಂಗಳೂರು ವಿಜ್ಞಾನ ವೇದಿಕೆ (1962) ಬುಧವಾರದ ಉಪನ್ಯಾಸಗಳ ಮೂಲಕ ವಿಜ್ಞಾನವನ್ನು ಸಾರ್ವಜನಿಕರ ಮುಂದಿಟ್ಟಿತು.

ಕಾಲ

ಮೂಲ ಪ್ರಶ್ನೆಗಳಲ್ಲಿ ಕಾಲದ ಪ್ರಶ್ನೆಯಷ್ಟು ದಿನನಿತ್ಯದ್ದು ಬೇರೊಂದಿಲ್ಲ. ಗವಿಪುರದ ಗವಿಗಂಗಾಧರೇಶ್ವರ ದೇವಸ್ಥಾನದಲ್ಲಿ ಮಕರ ಸಂಕ್ರಾಂತಿಯ ಸಂಜೆ ಮುಳುಗುವ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಸಾವಿರಾರು ಜನ ಸೇರುತ್ತಾರೆ. ಸೂರ್ಯದೇವ ಉತ್ತರಾಯಣದ ಆರಂಭದಲ್ಲಿ ಶಿವನಿಗೆ ಸಲ್ಲಿಸುವ ಸೇವೆ ಇದೆಂದು ಭಕ್ತರ ಭಾವ. ಖಗೋಳಶಾಸ್ತ್ರಜ್ಞೆ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಳೆದು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಳಕು ವರ್ಷಕ್ಕೆ ಒಂದಲ್ಲ, ಎರಡು ಬಾರಿ ಲಿಂಗವನ್ನು ಮುಟ್ಟುತ್ತದೆ. ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ. ಕಾರಣ ಸರಳ. ಸೂರ್ಯ ಮುಳುಗುವ ಜಾಗ ದಕ್ಷಿಣಕ್ಕೆ ಸರಿಯುತ್ತ ಡಿಸೆಂಬರ್ 21ರ ಹೊತ್ತಿಗೆ ಕೊನೆಯ ಬಿಂದು ಮುಟ್ಟಿ ಹಿಂದಿರುಗುತ್ತದೆ. ಆ ದಿನದಿಂದ ಜನವರಿ 14ಕ್ಕೆ 24 ದಿನ. ಹಿಂದಕ್ಕೆ 24 ದಿನ ಎಣಿಸಿದರೆ ನವೆಂಬರ್ 27. ಎರಡೂ ದಿನ ಸೂರ್ಯ ಕ್ಷಿತಿಜದ ಒಂದೇ ತಾವಿನಲ್ಲಿ ಮುಳುಗುತ್ತಾನೆ. ಡೇನಿಯಲ್ ಚಿತ್ರಕಾರರು 18ನೆಯ ಶತಮಾನದ ಕೊನೆಯಲ್ಲಿ ಬರೆದ ಚಿತ್ರಗಳಲ್ಲಿ ದೇವಸ್ಥಾನದ ಮುಂದೆ ಈಗಿರುವಷ್ಟು ಕಟ್ಟಡಗಳಿಲ್ಲ. ಆದ್ದರಿಂದ ಬೆಳಕು ಬೀಳುವ ದಿನಗಳೂ ಹಿಂದೆ ಬೇರೆಯಾಗಿದ್ದಿರಬಹುದು.

ನವೆಂಬರಿನ ಬೆಳಕಿಗೆ ಜನ ಸೇರುವುದಿಲ್ಲ. ಇದರಿಂದ ಭಕ್ತಿ ಸುಳ್ಳಾಯಿತು ಎನ್ನಲಾಗದು, ಏಕೆಂದರೆ ಸಂಕ್ರಾಂತಿಯ ಸೇವೆಯ ಅರ್ಥವಿರುವುದು ಕಿರಣದ ಕೋನದಲ್ಲಲ್ಲ, ಪರ್ವದ ದಿನದಲ್ಲಿ. ಆದರೆ ‘ಈ ದಿನ ಮಾತ್ರ ಬೆಳಕು ಬೀಳುತ್ತದೆ’ ಎಂದು ಹೇಳಿದ ಕೂಡಲೇ ಮಾತು ಪ್ರತ್ಯಕ್ಷದ ಅಂಕೆಗೆ ಬರುತ್ತದೆ, ಅಲ್ಲಿ ಸೋಲುತ್ತದೆ. ಸಂಕ್ರಾಂತಿ ಮತ್ತು ಉತ್ತರಾಯಣದ ಸಂಬಂಧವೂ ಹೀಗೆಯೇ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳನ್ನು ಆಧರಿಸಿದ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಹೋಗುತ್ತಿದೆ. ಎರಡೂ ಒಂದೇ ದಿನ ಬರುತ್ತಿದ್ದುದು ಸುಮಾರು 1700 ವರ್ಷಗಳ ಹಿಂದೆ. ಈ ಅಂತರಕ್ಕೆ ಅಯನಾಂಶವೆಂದು ಹೆಸರಿಟ್ಟು ಲೆಕ್ಕದಲ್ಲಿ ಸೇರಿಸಿಕೊಂಡವರು ಪಂಚಾಂಗಕರ್ತರೇ. ಸಂಪ್ರದಾಯ ತನ್ನ ಲೆಕ್ಕವನ್ನು ತಾನೇ ತಿದ್ದಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬನಶಂಕರಿಯಲ್ಲಿ ಕಾಲಕ್ಕೆ ಇನ್ನೊಂದು ಮುಖ. ಹಗಲನ್ನು ಎಂಟು ಭಾಗ ಮಾಡಿ ಅದರಲ್ಲೊಂದನ್ನು ರಾಹುಕಾಲವೆನ್ನುವುದು ವಾಡಿಕೆ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಊರೆಲ್ಲ ಶುಭಕಾರ್ಯಕ್ಕೆ ಬೇಡವೆನ್ನುವ ಈ ಹೊತ್ತಿನಲ್ಲೇ ಬನಶಂಕರಿ ಅಮ್ಮನ ಗುಡಿಯಲ್ಲಿ ಹೆಂಗಸರು ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುತ್ತಾರೆ. ಖಗೋಳಶಾಸ್ತ್ರದಲ್ಲಿ ರಾಹು ಎಂದರೆ ಚಂದ್ರನ ಪಥವೂ ಸೂರ್ಯನ ಪಥವೂ ಕೂಡುವ ಬಿಂದುಗಳಲ್ಲೊಂದು. ಗ್ರಹಣ ನೆರಳಿನಿಂದ ಆಗುತ್ತದೆಂದು ಆರ್ಯಭಟ 5ನೆಯ ಶತಮಾನದ ಕೊನೆಗೇ ಬರೆದಿದ್ದ. ಆ ಬಿಂದುವಿಗೂ ವಾರದ ದಿನಗಳಿಗೂ ಸಂಬಂಧವಿರುವುದಕ್ಕೆ ಭೌತಿಕ ಕಾರಣ ಯಾವುದೂ ಇಲ್ಲ. ಆದರೂ ಇಲ್ಲಿನ ಆಚರಣೆಯಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಕೆಟ್ಟ ಹೊತ್ತು ಎಂಬ ಭಯವನ್ನು ಗುಡಿಗೆ ಹೋಗುವ ಹೊತ್ತಾಗಿ ಅದು ತಿರುಗಿಸಿದೆ. ಭಯಕ್ಕೆ ಆಧಾರವಿಲ್ಲವೆಂದು ಹೇಳುವುದು ವಿಜ್ಞಾನದ ಕೆಲಸ. ಭಯಪಟ್ಟವರು ಏನು ಮಾಡಬೇಕೆಂಬುದು ಬೇರೆ ಪ್ರಶ್ನೆ, ಅದಕ್ಕೆ ಗುಡಿಯ ಹೆಂಗಸರು ತಮ್ಮ ಉತ್ತರ ಕಂಡುಕೊಂಡಿದ್ದಾರೆ.

ಅತಿ ದೀರ್ಘ ಕಾಲದ ಪ್ರಶ್ನೆ ಲಾಲ್‌ಬಾಗಿನ ಬಂಡೆಯ ಮೇಲೆ ಏಳುತ್ತದೆ. ಕೆಂಪೇಗೌಡನ ಗೋಪುರ ಹೊತ್ತ ಆ ನೈಸ್ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಶಿಲೆಗಳ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿ ಮಾರ್ಪಟ್ಟಿದೆ ಎಂಬ ಅಳತೆಯಿಂದ ವಯಸ್ಸು ತಿಳಿಯುತ್ತದೆ. ಬಂಡೆಯ ಸುತ್ತಲಿನ ಮನೆಗಳಲ್ಲಿ ಪ್ರತಿ ಪೂಜೆಯ ಸಂಕಲ್ಪದಲ್ಲೂ ಶ್ವೇತವರಾಹ ಕಲ್ಪದ ವೈವಸ್ವತ ಮನ್ವಂತರದ 28ನೆಯ ಕಲಿಯುಗದ ಹೆಸರು ಬರುತ್ತದೆ. ಒಂದು ಕಲ್ಪಕ್ಕೆ 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಈ ಎರಡು ಸಂಖ್ಯೆಗಳು ಹತ್ತಿರವಿರುವುದನ್ನು ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಹೇಳುವುದುಂಟು. ಆದರೆ 432 ಕೋಟಿ ಎಂಬುದು ಪೂರ್ತಿ ಕಲ್ಪದ ಅವಧಿ. ಅದೇ ಲೆಕ್ಕದಂತೆ ಈಗಿನ ಕಲ್ಪದಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ ಮಾತ್ರ. ಹಾಗಾದರೆ ಲಾಲ್‌ಬಾಗಿನ ಬಂಡೆ ಈ ಕಲ್ಪದ ಸೃಷ್ಟಿಗಿಂತ 100 ಕೋಟಿ ವರ್ಷ ಹಿರಿದಾಗಬೇಕು. ಹೊಂದಾಣಿಕೆಯ ಉತ್ಸಾಹದಲ್ಲಿ ಈ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಯುಗಗಳ ಸಂಖ್ಯೆ ಗ್ರಹಗತಿಯ ಆವರ್ತನಗಳನ್ನು ಪೂರ್ಣಾಂಕಗಳಲ್ಲಿ ಹಿಡಿಯಲು ಸಿದ್ಧಾಂತಗ್ರಂಥಗಳಿಗೆ ನೆರವಾದ ಗಣಿತ. ಸಂಕಲ್ಪದಲ್ಲಿ ಅದು ಮಾಡುವ ಕೆಲಸ, ಈಗ ಕೈಯಲ್ಲಿ ನೀರು ಹಿಡಿದು ಕೂತ ವ್ಯಕ್ತಿಯನ್ನು ಅಪಾರ ಕಾಲದೊಳಗೆ ಒಂದು ತಾವಿನಲ್ಲಿ ನಿಲ್ಲಿಸುವುದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಭೂವಿಜ್ಞಾನದ ಸಾಕ್ಷಿಯಾಗಿ ಅದನ್ನು ಕಟಕಟೆಗೆ ಕರೆದರೆ ಎರಡಕ್ಕೂ ಅನ್ಯಾಯ.

ನಾನು, ನಿದ್ದೆ, ಮಿದುಳು

ಬೆಳಿಗ್ಗೆ ಎದ್ದವರು ‘ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ’ ಎನ್ನುತ್ತಾರೆ. ವೇದಾಂತದ ಒಂದು ದೊಡ್ಡ ವಾದ ಈ ಮಾತಿನ ಮೇಲೆ ನಿಂತಿದೆ. ಏನೂ ಗೊತ್ತಾಗದಿದ್ದರೆ ಚೆನ್ನಾಗಿತ್ತೆಂದು ತಿಳಿದದ್ದು ಹೇಗೆ? ನಿದ್ದೆಯಲ್ಲೂ ಅರಿವು ಉಳಿದಿತ್ತು, ಇದು ಅದರ ಸ್ಮರಣೆ ಎಂದು ಅದ್ವೈತಿಗಳು. ಎಚ್ಚರವಾದ ಮೇಲೆ ಮೈಯ ಹಗುರವನ್ನು ಕಂಡು ಮಾಡಿದ ಊಹೆ ಎಂದು ನೈಯಾಯಿಕರು. ನಿದ್ದೆಯಲ್ಲೂ ಜೀವ ತನ್ನತನ ಕಳೆದುಕೊಳ್ಳದೆ ಪರಮಾತ್ಮನ ಆಶ್ರಯದಲ್ಲಿರುತ್ತಾನೆ, ‘ನಾನು ಸುಖವಾಗಿದ್ದೆ’ ಎಂಬುದರಲ್ಲಿ ‘ನಾನು’ ಇದೆಯಲ್ಲ ಎಂದು ಮಾಧ್ವರು.

ಮೈಸೂರು ಸೀಮೆಯಲ್ಲಿ ಈ ವಾದಕ್ಕೆ ಹೊಸ ರೂಪ ಕೊಟ್ಟವರು ಕೆ.ಎ. ಕೃಷ್ಣಸ್ವಾಮಿ ಅಯ್ಯರ್. ಅವರ ‘ವೇದಾಂತ ಆರ್ ದಿ ಸೈನ್ಸ್ ಆಫ್ ರಿಯಾಲಿಟಿ’ (1930) ಎಂಬ ಇಂಗ್ಲಿಷ್ ಗ್ರಂಥದ ಮುಖ್ಯ ವಾದವಿದು: ವಿಜ್ಞಾನ ಎಚ್ಚರದ ಅನುಭವವನ್ನು ಮಾತ್ರ ಪರೀಕ್ಷಿಸುತ್ತದೆ, ವೇದಾಂತ ಎಚ್ಚರ, ಕನಸು, ನಿದ್ದೆ ಮೂರನ್ನೂ ತೆಗೆದುಕೊಳ್ಳುತ್ತದೆ. ಇದೇ ದಾರಿಯಲ್ಲಿ ಬಹುದೂರ ಹೋದವರು ವೈ. ಸುಬ್ಬರಾಯರು, ಸಂನ್ಯಾಸದ ನಂತರ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975). ಅವರು 1920ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಧ್ಯಾತ್ಮಪ್ರಕಾಶ ಕಾರ್ಯಾಲಯ ಮುಂದೆ ಹೊಳೆನರಸೀಪುರಕ್ಕೆ ಹೋಯಿತು. ಬನಶಂಕರಿಗೆ ಹತ್ತಿರದ ತ್ಯಾಗರಾಜನಗರದಲ್ಲಿ ಅದರ ಶಾಖೆಯಿದೆ. ‘ಮೂಲಾವಿದ್ಯಾನಿರಾಸ’ದಲ್ಲಿ ಅವರು ಅದ್ವೈತಿಗಳೇ ಶತಮಾನಗಳಿಂದ ಒಪ್ಪಿದ್ದ ಭಾವರೂಪದ ಮೂಲಾವಿದ್ಯೆ (ಬರಿಯ ತಿಳಿವಿನ ಅಭಾವವಲ್ಲದೆ ತಾನೇ ಒಂದು ವಸ್ತುವಿನಂತಿರುವ ಮೂಲ ಅಜ್ಞಾನ) ಶಂಕರರ ಭಾಷ್ಯದಲ್ಲಿಲ್ಲ, ಅದು ವ್ಯಾಖ್ಯಾನಕಾರರು ಸೇರಿಸಿದ್ದು ಎಂದು ವಾದಿಸಿದರು. ತಮ್ಮದೇ ಸಂಪ್ರದಾಯದ ಪ್ರಬಲ ಮತವನ್ನು ಹೀಗೆ ಎದುರುಹಾಕಿಕೊಂಡು, ವೇದಾಂತದ ಸೂಕ್ಷ್ಮ ತರ್ಕವನ್ನು ದೊಡ್ಡ ಪ್ರಮಾಣದಲ್ಲಿ ಕನ್ನಡದಲ್ಲೇ ಬರೆದ ಅವರ ಕೆಲಸಕ್ಕೆ ಕನ್ನಡದ ಬೌದ್ಧಿಕ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ತ್ಯಾಗರಾಜನಗರದಿಂದ ಜಯನಗರ ದಾಟಿದರೆ ನಿಮ್ಹಾನ್ಸ್. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ (1954) ಹಳೆಯ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಒಂದಾಗಿ ಈ ಸಂಸ್ಥೆಯಾಯಿತು. ಇಲ್ಲಿ ನಿದ್ದೆ ಎಂದರೆ ವಿದ್ಯುತ್ ತರಂಗಗಳ ದಾಖಲೆ. ಗಾಢ ನಿದ್ದೆಯಲ್ಲಿ ಅಲೆಗಳು ನಿಧಾನವಾಗುತ್ತವೆ, ದೊಡ್ಡದಾಗುತ್ತವೆ. ಕನಸುಗಳು ಹೆಚ್ಚಾಗಿ ಬೀಳುವ ಹಂತದಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುತ್ತವೆ ಎಂಬುದು 1953ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ನಿಮ್ಹಾನ್ಸಿನ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರು ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಗಾಯ, ಗೆಡ್ಡೆ, ಪಾರ್ಶ್ವವಾಯು ಮಿದುಳಿನ ಯಾವ ಭಾಗವನ್ನು ಕೆಡಿಸಿದರೆ ಮಾತೋ ನೆನಪೋ ಸ್ವಭಾವವೋ ಹೇಗೆ ಕೆಡುತ್ತದೆ ಎಂಬುದನ್ನು ನೋಡಿದ ಮೇಲೆ ಮನಸ್ಸಿಗೂ ಮಿದುಳಿಗೂ ಇರುವ ನಂಟನ್ನು ಅನುಮಾನಿಸಲು ಎಡೆಯಿಲ್ಲ. ಆದರೆ ಆ ನಂಟು ಎಂಥದು? ಅಲೆಗಳ ದಾಖಲೆ ಹೊರಗಿನಿಂದ ಕಂಡದ್ದು. ‘ಚೆನ್ನಾಗಿತ್ತು’ ಎಂಬುದು ಒಳಗಿನಿಂದ ಬಂದದ್ದು. ಒಂದು ಇನ್ನೊಂದಾಗುವುದು ಹೇಗೆಂಬುದಕ್ಕೆ ಒಪ್ಪಿತವಾದ ಸಿದ್ಧಾಂತ ನರವಿಜ್ಞಾನದಲ್ಲಿ ಇಂದಿಗೂ ಇಲ್ಲ. ವೇದಾಂತದ ಬಳಿ ಉತ್ತರವಿದೆ, ಆದರೆ ಅದನ್ನು ಇಬ್ಬರು ವಿರೋಧಿಗಳ ನಡುವೆ ತೀರ್ಮಾನಿಸುವ ಪರೀಕ್ಷೆಯಿಲ್ಲ. ಅದ್ವೈತಿ ಮತ್ತು ಮಾಧ್ವ ಇಬ್ಬರೂ ಅದೇ ನಿದ್ದೆಯನ್ನೇ ಸಾಕ್ಷಿ ಕರೆಯುತ್ತಾರೆ. ಕನಕಪುರ ರಸ್ತೆಯತ್ತಲಿನ ವ್ಯಾಲಿ ಶಾಲೆಗೆ (1978) ಸ್ಫೂರ್ತಿಯಾದ ಜೆ. ಕೃಷ್ಣಮೂರ್ತಿ ಸಿದ್ಧಾಂತಗಳನ್ನೇ ಬದಿಗಿಟ್ಟು ಮನಸ್ಸನ್ನು ನೇರ ನೋಡಬೇಕೆಂದರು. 1980ರಲ್ಲಿ ಭೌತವಿಜ್ಞಾನಿ ಡೇವಿಡ್ ಬೋಮ್ ಜೊತೆ ಅವರು ನಡೆಸಿದ ದೀರ್ಘ ಸಂವಾದಗಳು ಈ ದಿಕ್ಕಿನ ಗಂಭೀರ ಪ್ರಯತ್ನ.

ಮೂರು ದಾರಿಗಳೂ ಒಂದೇ ಕಡೆ ಕೂಡಿದ ಅಪೂರ್ವ ಅಧ್ಯಯನವೊಂದು ನಿಮ್ಹಾನ್ಸ್ ವೈದ್ಯರಿಂದಲೇ ಬಂತು. ಆರ್. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ದೇವಸ್ಥಾನದಲ್ಲಿ ಆಶ್ರಯ ಪಡೆದಿದ್ದ ತೀವ್ರ ಮಾನಸಿಕ ಕಾಯಿಲೆಯ 31 ಜನರನ್ನು ಪರೀಕ್ಷಿಸಿ 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು. ಸರಾಸರಿ ಆರು ವಾರದ ವಾಸದ ನಂತರ ರೋಗಲಕ್ಷಣಗಳ ಅಳತೆ ಶೇಕಡಾ 20ರಷ್ಟು ಇಳಿದಿತ್ತು. ಅಲ್ಲಿ ಔಷಧಿಯಿರಲಿಲ್ಲ, ದೆವ್ವ ಬಿಡಿಸುವಂಥ ವಿಶೇಷ ಕ್ರಿಯೆಯೂ ಇರಲಿಲ್ಲ. ರೋಗಿಗಳು ಗುಡಿಯ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಮುಂತಾದ ಕೆಲಸ ಮಾಡಿಕೊಂಡು, ಮನೆಯವರೊಬ್ಬರ ಜೊತೆ ಭಯವಿಲ್ಲದೆ ಇದ್ದರು. ಆಸರೆ ಕೊಡುವ ವಾತಾವರಣದಿಂದ ಈ ಗುಣ ಬಂದಿರಬಹುದೆಂದು ಅಧ್ಯಯನಕಾರರು ತೀರ್ಮಾನಿಸಿದರು. ದೇವರ ಮಹಿಮೆಗೆ ಇದು ಪುರಾವೆಯಲ್ಲ. ಗುಡಿಯೆಲ್ಲ ಮೌಢ್ಯವೆಂಬ ಮಾತಿಗೆ ಬೆಂಬಲವೂ ಅಲ್ಲ. 31 ಜನರ ಸಣ್ಣ ಅಧ್ಯಯನ ಎಷ್ಟನ್ನು ತೋರಿಸಬಲ್ಲದೋ ಅಷ್ಟನ್ನೇ ಹೇಳಿದ ಈ ಸಂಯಮ ತಾತ್ತ್ವಿಕ ಚರ್ಚೆಗೂ ಮಾದರಿ.

ಪವಾಡ ಮತ್ತು ದೇವರು

ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು (1920–2005) ಅಮೆರಿಕದ ಒಹಾಯೋದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು ಬಂದು ಬಸವನಗುಡಿಯ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದ ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಶೂನ್ಯದಿಂದ ವಿಭೂತಿ, ಉಂಗುರ ಸೃಷ್ಟಿಸುತ್ತಾರೆಂದು ಪ್ರಸಿದ್ಧರಾಗಿದ್ದ ಸತ್ಯಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪುವಂತೆ ಪತ್ರ ಬರೆದರು. ಪರೀಕ್ಷೆ ನಡೆಯಲಿಲ್ಲ, ವಾದ ಮಾತ್ರ ವರ್ಷಗಟ್ಟಲೆ ನಡೆಯಿತು. ಆಧ್ಯಾತ್ಮಿಕ ಸಂಗತಿಯನ್ನು ಪ್ರಯೋಗಕ್ಕೊಡ್ಡುವುದೇ ತಪ್ಪೆಂದು ವಿರೋಧಿಗಳು ಹೇಳಿದರು. ಸಮಿತಿಯ ಹೆಸರಿನಲ್ಲಿದ್ದ ‘ಪರೀಕ್ಷಿಸಬಹುದಾದ’ ಎಂಬ ಮಾತನ್ನು ಅವರು ಗಮನಿಸಿದ್ದರೆ ವಾದ ಇಷ್ಟು ಕಹಿಯಾಗುತ್ತಿರಲಿಲ್ಲ. ದೇವರಿದ್ದಾನೆಯೆ ಎಂದು ಸಮಿತಿ ಕೇಳಲಿಲ್ಲ. ಒಂದು ವಸ್ತು ಖಾಲಿ ಕೈಯಲ್ಲಿ ಕಾಣಿಸಿತು ಎಂಬುದು ಕಣ್ಣಿಗೆ ಬಿದ್ದ ಘಟನೆಯ ಕುರಿತ ಮಾತು, ಅದು ಪ್ರತ್ಯಕ್ಷದ ವ್ಯಾಪ್ತಿಯದೇ. ಈ ಗಡಿಯನ್ನು ಸರಿಯಾಗಿ ಎಳೆದದ್ದು ನರಸಿಂಹಯ್ಯನವರ ತಾತ್ತ್ವಿಕ ಕೊಡುಗೆ.

ದೇವರ ಪ್ರಶ್ನೆಯನ್ನೇ ನೇರ ಕೈಗೆತ್ತಿಕೊಂಡವರು ಎ.ಎನ್. ಮೂರ್ತಿರಾಯರು (1900–2003). ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಬರೆದ ‘ದೇವರು’ ಕೃತಿಯಲ್ಲಿ ಅವರು ದೇವರ ಅಸ್ತಿತ್ವದ ಪರವಾದ ವಾದಗಳನ್ನು ಒಂದೊಂದಾಗಿ ತೂಗಿ ಯಾವುದೂ ಸಾಲದೆಂದರು. ನಂಬಿದವರ ಮೇಲೆ ಅಲ್ಲಿ ತಿರಸ್ಕಾರವಿಲ್ಲ. ಲೋಕದ ನೋವನ್ನು ಕಂಡ ಮೇಲೆ ಕರುಣಾಳುವೂ ಸರ್ವಶಕ್ತನೂ ಆದ ದೇವರನ್ನು ಒಪ್ಪುವುದು ಹೇಗೆ ಎಂಬ ಕಷ್ಟವೇ ಇಂಥ ಚರ್ಚೆಗಳ ನಡುಗಂಬ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ದೇವರಿಗೆ ಪಕ್ಷಪಾತ ಮತ್ತು ನಿರ್ದಯತೆಯ ದೋಷ ತಟ್ಟುತ್ತದೆಯೆ ಎಂದು ತಾನೇ ಕೇಳಿಕೊಂಡು, ಸೃಷ್ಟಿ ಜೀವಿಗಳ ಅನಾದಿ ಕರ್ಮವನ್ನು ಅನುಸರಿಸುತ್ತದೆ ಎನ್ನುತ್ತದೆ. ಮಾಧ್ವರು ಇದಕ್ಕೆ ಜೀವರ ಸ್ವಭಾವಭೇದವನ್ನೂ ತಾರತಮ್ಯವನ್ನೂ ಸೇರಿಸುತ್ತಾರೆ. ಧರ್ಮಾರಾಮಿನಂಥ ಕ್ರೈಸ್ತ ಪಾಠಶಾಲೆಗಳಲ್ಲಿ ಓದುವ ಅಗಸ್ಟೀನ್, ಅಕ್ವಿನಾಸರ ಪರಂಪರೆ ಮನುಷ್ಯನಿಗೆ ದೇವರು ಕೊಟ್ಟ ಸ್ವಾತಂತ್ರ್ಯದತ್ತ ಬೆರಳು ತೋರುತ್ತದೆ.

ಈ ಉತ್ತರಗಳಿಗೆ ದಿನದ ಬದುಕಿನಲ್ಲಿ ಬೆಲೆ ಕಟ್ಟಬೇಕಾಗುತ್ತದೆ. ರಸ್ತೆ ಅಪಘಾತದಲ್ಲಿ ಮಗ ಸತ್ತ ಮನೆಯಲ್ಲಿ ‘ಹಣೆಬರಹ’ ಎಂಬ ಮಾತು ತಾಯಿಗೆ ತುಸು ನೆಮ್ಮದಿ ಕೊಡಬಹುದು. ಅದೇ ಮಾತು ಗುಂಡಿ ಮುಚ್ಚದವರ ಹೊಣೆಯನ್ನೂ ಮುಚ್ಚಿಹಾಕುತ್ತದೆ. ಸಂತೈಸಲು ಹೇಳಿದ್ದನ್ನು ಕಾರಣವೆಂದು ಹೇಳಿದಾಗ ಈ ಅಪಾಯ. ಡಿವಿಜಿ ‘ಮಂಕುತಿಮ್ಮನ ಕಗ್ಗ’ದಲ್ಲಿ (1943) ದೈವ ಮತ್ತು ಪೌರುಷದ ಈ ಇಕ್ಕಟ್ಟನ್ನು ಸಿದ್ಧಾಂತದಿಂದ ಬಿಡಿಸಲು ಹೋಗಲಿಲ್ಲ, ಬಾಳುವವನ ಕಡೆಯಿಂದ ನೋಡಿದರು. 1967ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ಗೀತಾತಾತ್ಪರ್ಯಕ್ಕೆ ‘ಜೀವನಧರ್ಮಯೋಗ’ ಎಂದು ಹೆಸರಿರುವುದೂ ಆ ನೋಟಕ್ಕೆ ತಕ್ಕದ್ದು.

ನಂಬಿಕೆಯಿಂದ ಹಾನಿಯಾದಾಗ ಕಾನೂನು ನಡುವೆ ಬರುತ್ತದೆ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ (2017) ನಂಬಿಕೆ ಸತ್ಯವೋ ಸುಳ್ಳೋ ಎಂದು ತೀರ್ಪು ಕೊಡುವುದಿಲ್ಲ. ದೇಹಕ್ಕೂ ಮಾನಕ್ಕೂ ಪೆಟ್ಟು ಕೊಡುವ ಕೃತ್ಯಗಳನ್ನು ನಿಷೇಧಿಸುತ್ತದೆ. ಪ್ರದಕ್ಷಿಣೆ, ಯಾತ್ರೆಗಳ ಜೊತೆಗೆ ಜ್ಯೋತಿಷ್ಯ, ವಾಸ್ತು ಸಲಹೆಗಳನ್ನೂ ಹೊರಗಿಟ್ಟಿದೆ. ಕೊನೆಯ ಎರಡರ ಬಗ್ಗೆ ವಿಚಾರವಾದಿಗಳ ಅಸಮಾಧಾನ ನ್ಯಾಯವಾದದ್ದೇ, ಏಕೆಂದರೆ ಅಡುಗೆಮನೆ ಯಾವ ಮೂಲೆಗಿದ್ದರೆ ಆರೋಗ್ಯ ಕೆಡುತ್ತದೆ ಎಂಬ ಮಾತೂ ಪರೀಕ್ಷೆಗೆ ಸಿಗುವಂಥದು.

ಸಾವಿನ ಗಳಿಗೆ

ಉಸಿರು ನಿಂತಾಗ, ಎದೆಬಡಿತ ನಿಂತಾಗ ಸಾವು ಎಂಬುದು ಶತಮಾನಗಳ ತಿಳಿವಳಿಕೆ. 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡದ ಸಾವನ್ನೂ ಸಾವೆಂದು ಒಪ್ಪಿತು. ನಾಲ್ವರು ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಆಗಲೂ ಯಂತ್ರದ ನೆರವಿನಿಂದ ಎದೆ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ವ್ಯವಸ್ಥೆಯ ಮೂಲಕ ಅಂಗದಾನ ನಡೆಯುವುದು ಈ ವ್ಯಾಖ್ಯೆಯ ಬಲದ ಮೇಲೆ. ಇಲ್ಲಿ ವಿಜ್ಞಾನ ಮಿದುಳುಕಾಂಡ ಮತ್ತೆ ಕೆಲಸ ಮಾಡದೆಂಬುದನ್ನು ತೋರಿಸಬಲ್ಲದು. ಹಾಗಾದ ಮನುಷ್ಯನನ್ನು ಸತ್ತವನೆಂದು ಕರೆಯಬೇಕೆಂಬುದು ವಿಜ್ಞಾನದಿಂದಷ್ಟೇ ಬರುವ ಮಾತಲ್ಲ, ಮನುಷ್ಯ ಎಂದರೇನು ಎಂಬ ನಿರ್ಣಯವೂ ಅದರಲ್ಲಿ ಅಡಗಿದೆ.

ಮನೆಯವರಿಗೆ ಆ ನಿರ್ಣಯ ಪಂಚಾಂಗದ ರೂಪದಲ್ಲಿ ಎದುರಾಗಬಹುದು. ವಾರ್ಷಿಕ ಶ್ರಾದ್ಧಕ್ಕೆ ಮೃತತಿಥಿ ಬೇಕು. ಎರಡನೆಯ ಪರೀಕ್ಷೆಯ ಹೊತ್ತು ದಶಮಿಯಲ್ಲಿದ್ದು, ಅಂಗಗಳನ್ನು ತೆಗೆದ ಮೇಲೆ ಎದೆಬಡಿತ ನಿಂತದ್ದು ಏಕಾದಶಿಯಲ್ಲಾದರೆ ಯಾವ ತಿಥಿ ಹಿಡಿಯಬೇಕು? ಸಾವಿನ ಪ್ರಮಾಣಪತ್ರ ಮೊದಲನೆಯದನ್ನು ಹೇಳುತ್ತದೆ. ಪ್ರಾಣ ದೇಹವನ್ನು ಬಿಟ್ಟ ಗಳಿಗೆ ಎಂಬ ಶಾಸ್ತ್ರದ ಮಾತನ್ನು ಬರೆದ ಕಾಲದಲ್ಲಿ ಈ ಎರಡು ಗಳಿಗೆಗಳು ಬೇರೆಯಾಗುವ ಸಾಧ್ಯತೆಯೇ ಇರಲಿಲ್ಲ. ಆದ್ದರಿಂದ ಗ್ರಂಥದಲ್ಲಿ ಉತ್ತರ ಹುಡುಕುವುದಕ್ಕಿಂತ ಗ್ರಂಥದ ಆಶಯದಿಂದ ಉತ್ತರ ಕಟ್ಟುವ ಕೆಲಸ ಪುರೋಹಿತರ ಪಾಲಿಗೆ ಬರುತ್ತದೆ.

ಬದುಕಿಸುವ ಚಿಕಿತ್ಸೆಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಇದರ ಜೊತೆಗಿನ ಪ್ರಶ್ನೆ. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯ ಎರಡು ವೈದ್ಯಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು, ನಿರ್ಧಾರದ ಪ್ರತಿ ನ್ಯಾಯಾಧೀಶರಿಗೆ ಹೋಗಬೇಕು. ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಸುಮಾರು 7ನೆಯ ಶತಮಾನದಿಂದ ಸಲ್ಲೇಖನದ, ಎಂದರೆ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನ ವ್ರತದ, ದಾಖಲೆಗಳಿವೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಆ ವ್ರತವನ್ನು ಆತ್ಮಹತ್ಯೆಗೆ ಸಮವೆಂದಿತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನದಲ್ಲಿ ವ್ರತಿ ತಾನೇ ಎಚ್ಚರದಲ್ಲಿ ನಿರ್ಧರಿಸುತ್ತಾನೆ, ಗುರುವಿನ ಅನುಮತಿ ಪಡೆಯುತ್ತಾನೆ. ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ಬಹುಪಾಲು ಎಚ್ಚರವೇ ಇರುವುದಿಲ್ಲ. ಎಚ್ಚರವಿದ್ದಾಗಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಸುತ್ತೋಲೆ ಜಾಗ ಕೊಟ್ಟಿರುವುದು ಈ ಕೊರತೆಯನ್ನು ತುಂಬಲು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡುವ ಆ ಕಾಗದದಲ್ಲಿ, ತನ್ನ ಪರವಾಗಿ ತೀರ್ಮಾನ ಹೇಳಬೇಕಾದವರು ಯಾರೆಂಬುದನ್ನೂ ವ್ಯಕ್ತಿ ತಾನೇ ಹೆಸರಿಸಬೇಕು.